ಹುಳು ಮೈಮೇಲೆ ಕರಿ ಚುಕ್ಕೆ ಯಾಕೆ? ಲಸಿಕೆ ಇಲ್ಲದ ಜೀವ ರೋಗದ ಜೊತೆ ಬಡಿದಾಡೋದು ಹೀಗೆ

ಸೋಮನಹಳ್ಳಿ (ಮದ್ದೂರು): ಇನ್ನು ಮೂರ್ನಾಲ್ಕು ದಿನ ಕಳೆದರೆ ಹುಳು ಹಣ್ಣಾಗುತ್ತೆ, ಚಂದ್ರಿಕೆಗೆ ಬಿಡಬಹುದು ಅನ್ನೋ ಹೊತ್ತು. ಬೆಳಗ್ಗೆ ಸೊಪ್ಪು ಹಾಕೋಕೆ ಹೋದಾಗ ಒಂದು ಹುಳುವಿನ ಪಕ್ಕೆ ಮೇಲೆ ಸಾಸಿವೆ ಕಾಳಿನಷ್ಟು ಕರಿ ಚುಕ್ಕೆ ಕಾಣುತ್ತೆ. ಮದ್ದೂರು, ಮಳವಳ್ಳಿ ಕಡೆ ರೇಷ್ಮೆ ಸಾಕಿದವರಿಗೆ ಅದು ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಊಜಿ ನೊಣ ಒಳಗೆ ನುಗ್ಗಿದೆ ಅಂತಲೇ ಅರ್ಥ.

ಆದರೆ ಆ ಕರಿ ಬಣ್ಣ ನೊಣದ್ದಲ್ಲ. ನೊಣ ಇಡೋ ಮೊಟ್ಟೆ ಬಿಳಿ ಬಣ್ಣದ್ದು. ಮೊಟ್ಟೆ ಒಡೆದು ಬರೋ ಮರಿಯೂ ಕರಿಯಲ್ಲ. ಹಾಗಾದರೆ ಕಪ್ಪು ಎಲ್ಲಿಂದ ಬಂತು?

ಅದು ರೇಷ್ಮೆ ಹುಳು ತಾನೇ ಮಾಡಿಕೊಂಡ ಕಪ್ಪು. ಮೈಯೊಳಗೆ ಕಳ್ಳ ಹೊಕ್ಕ ಜಾಗಕ್ಕೆ ಹುಳು ಹಾಕಿದ ಸೀಲು ಅದು. ಹುಳುವಿಗೆ ಯಾರೂ ಲಸಿಕೆ ಹಾಕಿಲ್ಲ, ಹಾಕೋಕೆ ಆಗೋದೂ ಇಲ್ಲ. ಆದರೂ ಅದು ಸುಮ್ಮನೆ ಸಾಯೋದಿಲ್ಲ, ಬಡಿದಾಡುತ್ತೆ. ಆ ಬಡಿದಾಟಕ್ಕೆ ವಿಜ್ಞಾನದಲ್ಲಿ ಸಹಜ ರೋಗನಿರೋಧಕ ಶಕ್ತಿ ಅಂತಾರೆ. ಅಂದರೆ ಹುಟ್ಟುವಾಗಲೇ ಜೊತೆಗೆ ಬಂದ ಕಾವಲು. ಇದೇ ಕಾವಲು ಮನುಷ್ಯನ ಮೈಯಲ್ಲೂ ಇದೆ. ಅದು ಹೆಂಗೆ ಕೆಲಸ ಮಾಡುತ್ತೆ, ಎಲ್ಲಿ ಸೋಲುತ್ತೆ ಅಂತ ತಿಳಿದರೆ ಹುಳು ಮನೆಯಲ್ಲಿ ಬೆಳೆ ಉಳಿಸಿಕೊಳ್ಳೋಕೂ ಅನುಕೂಲ, ಮನೆಯಲ್ಲಿ ಜ್ವರ ಬಂದಾಗ ಏನು ಮಾಡಬೇಕು ಅನ್ನೋಕೂ ಅನುಕೂಲ.

ಎರಡು ಥರದ ಕಾವಲು

ಪ್ರಾಣಿಗಳ ಮೈಯಲ್ಲಿ ರೋಗದ ವಿರುದ್ಧ ಎರಡು ಥರದ ಕಾವಲು ಇರುತ್ತೆ.

ಮೊದಲನೆಯದು ಹುಟ್ಟಿನಿಂದ ಬಂದದ್ದು. ಬಂದಿರೋ ರೋಗಾಣು ಯಾವ ಊರಿನದು, ಯಾವ ಹೆಸರಿನದು ಅಂತ ಇದು ವಿಚಾರಿಸೋಕೆ ಹೋಗಲ್ಲ. ಹೊರಗಿನದು ಅಂತ ಗೊತ್ತಾದ ತಕ್ಷಣ ಮೇಲೆ ಬೀಳುತ್ತೆ. ಕೆಲವು ನಿಮಿಷ, ಹೆಚ್ಚೆಂದರೆ ಕೆಲವು ಗಂಟೆಯಲ್ಲಿ ಕೆಲಸ ಶುರು.

ಎರಡನೆಯದು ಕಲಿತು ಬಂದದ್ದು. ಒಂದು ರೋಗಾಣುವನ್ನು ಚೆನ್ನಾಗಿ ಗುರುತು ಹಿಡಿದು, ಅದಕ್ಕೇ ಸರಿಹೊಂದೋ ಪ್ರತಿಕಾಯ ತಯಾರು ಮಾಡುತ್ತೆ. ಇದಕ್ಕೆ ಒಂದು ವಾರ, ಕೆಲವು ಸಲ ಎರಡು ವಾರವೂ ಬೇಕು. ಆದರೆ ಒಮ್ಮೆ ಕಲಿತರೆ ನೆನಪಿಟ್ಟುಕೊಳ್ಳುತ್ತೆ. ಲಸಿಕೆ ಕೆಲಸ ಮಾಡೋದು ಈ ನೆನಪಿನ ಮೇಲೆ.

ಮೀನು, ಕೋಳಿ, ಹಸು, ಮನುಷ್ಯ, ಹೀಗೆ ಬೆನ್ನುಮೂಳೆ ಇರೋ ಪ್ರಾಣಿಗಳಿಗೆ ಎರಡೂ ಇವೆ. ರೇಷ್ಮೆ ಹುಳುವಿಗೆ ಇರೋದು ಮೊದಲನೆಯದು ಮಾತ್ರ. ಅದರ ಮೈಯಲ್ಲಿ ಪ್ರತಿಕಾಯ ಹುಟ್ಟೋದೇ ಇಲ್ಲ. ಅದಕ್ಕೇ ಕುರಿಗೆ, ಕೋಳಿಗೆ ಲಸಿಕೆ ಹಾಕಿಸಿದ ಹಾಗೆ ಹುಳುವಿಗೆ ಹಾಕಿಸೋ ದಾರಿ ಇಲ್ಲ.

ಮೊದಲ ಗೋಡೆ: ಚರ್ಮ ಮತ್ತು ಹೊಟ್ಟೆ

ಹುಳುವಿನ ಚರ್ಮ ನೋಡೋಕೆ ನುಣುಪು. ಆದರೆ ಅದರಲ್ಲಿ ಕೈಟಿನ್ ಅನ್ನೋ ಗಟ್ಟಿ ಪದಾರ್ಥದ ಪದರ ಇದೆ, ಮೇಲೆ ಮೇಣದ ಲೇಪ ಇದೆ. ಗಾಯ ಆಗದಿದ್ದರೆ ಬ್ಯಾಕ್ಟೀರಿಯಾ ಈ ಗೋಡೆ ದಾಟೋದು ಕಷ್ಟ.

ಬಾಯಿಂದ ಹೋದ ರೋಗಾಣುವಿಗೆ ಹೊಟ್ಟೆಯಲ್ಲಿ ಬೇರೆ ಏರ್ಪಾಡು. ಮನುಷ್ಯನ ಹೊಟ್ಟೆಯಲ್ಲಿ ಆಮ್ಲ ಇದ್ದರೆ, ರೇಷ್ಮೆ ಹುಳುವಿನ ಕರುಳಿನ ರಸ ಸುಣ್ಣದ ನೀರಿನ ಥರ ಕ್ಷಾರ. ಬಹಳಷ್ಟು ಸೂಕ್ಷ್ಮಜೀವಿಗಳು ಅಲ್ಲಿ ಬದುಕಲ್ಲ. ಜೊತೆಗೆ ತಿಂದ ಸೊಪ್ಪಿಗೂ ಕರುಳಿನ ಗೋಡೆಗೂ ನಡುವೆ ತೆಳು ಬಟ್ಟೆಯಂಥ ಒಂದು ಪೊರೆ ಇರುತ್ತೆ. ರೋಗಾಣು ಕರುಳಿನ ಗೋಡೆಗೆ ಅಂಟದ ಹಾಗೆ ಅದು ತಡೆಯುತ್ತೆ.

ಈ ಗೋಡೆ ಯಾವಾಗಲೂ ಒಂದೇ ಥರ ಗಟ್ಟಿ ಇರಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತೆ. ಅದನ್ನೇ ಬೆಳೆಗಾರರು ಒಂದನೇ ಜ್ವರ, ಎರಡನೇ ಜ್ವರ ಅಂತ ಕರೆಯೋದು. ಜ್ವರದಿಂದ ಎದ್ದ ಹುಳುವಿನ ಹೊಸ ಚರ್ಮ ಇನ್ನೂ ಎಳೆಯದು. ಪ್ರತಿ ಜ್ವರ ಎದ್ದ ಮೇಲೆ ಸೊಪ್ಪು ಕೊಡೋಕೆ ಮುಂಚೆ ಹಾಸಿಗೆ ಮೇಲೆ ಸೋಂಕು ನಿವಾರಕ ಪುಡಿ ಉದುರಿಸಿ ಅಂತ ರೇಷ್ಮೆ ಇಲಾಖೆಯವರು ಹೇಳೋದು ಇದಕ್ಕೇ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ರೂಪಿಸಿದ ವಿಜೇತ ಪುಡಿ ಬಳಸೋದು ಇಂಥ ಹೊತ್ತಿನಲ್ಲೇ.

ರಕ್ತದೊಳಗಿನ ಪಡೆ

ಗೋಡೆ ದಾಟಿ ಒಳಗೆ ಬಂದರೆ ಎರಡನೇ ಸುತ್ತು ಶುರು. ಹುಳುವಿನ ರಕ್ತ ಕೆಂಪಲ್ಲ, ತಿಳಿ ಹಳದಿ ನೀರಿನ ಹಾಗೆ. ಅದರಲ್ಲಿ ಹಲವು ಥರದ ರಕ್ತಕಣಗಳು ತೇಲಾಡುತ್ತಾ ಇರುತ್ತವೆ.

ಬ್ಯಾಕ್ಟೀರಿಯಾದಂಥ ಸಣ್ಣ ವೈರಿ ಸಿಕ್ಕರೆ ಒಂದೊಂದು ಕಣವೂ ಅದನ್ನು ನುಂಗಿ ಒಳಗೇ ಜೀರ್ಣ ಮಾಡಿಬಿಡುತ್ತೆ. ಊಜಿ ಮರಿಯಂಥ ದೊಡ್ಡ ವೈರಿ ಬಂದರೆ ಒಂದು ಕಣದ ಕೈಯಲ್ಲಿ ಆಗಲ್ಲ. ಆಗ ಕಣಗಳೆಲ್ಲ ಸೇರಿ ಸುತ್ತ ಮುತ್ತಿಕೊಂಡು, ಒಂದರ ಮೇಲೊಂದು ಪದರ ಕಟ್ಟಿ ವೈರಿಯನ್ನು ಒಳಗೇ ಕೂಡಿ ಹಾಕೋಕೆ ನೋಡುತ್ತವೆ.

ಅದೇ ಹೊತ್ತಿಗೆ ಗಾಯದ ಜಾಗದಲ್ಲಿ ಫೀನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ ಎದ್ದು ಕೂರುತ್ತೆ. ಅದು ಮೆಲನಿನ್ ಅನ್ನೋ ಕಪ್ಪು ಪದಾರ್ಥ ತಯಾರು ಮಾಡಿ ಗಾಯವನ್ನು ಮುಚ್ಚುತ್ತೆ. ಮೆಲನಿನ್ ತಯಾರಾಗುವಾಗ ಹುಟ್ಟೋ ಉಪವಸ್ತುಗಳು ರೋಗಾಣುವಿಗೆ ವಿಷ. ಹುಳುವಿನ ಪಕ್ಕೆಯ ಕರಿ ಚುಕ್ಕೆ ಇದೇ.

ಈ ಥರದ ಕಿಣ್ವದ ಕೆಲಸ ನೋಡೋಕೆ ಹುಳು ಮನೆಗೇ ಹೋಗಬೇಕಿಲ್ಲ. ಹೆಚ್ಚಿಟ್ಟ ಬದನೆಕಾಯಿ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತೆ. ಗಾಣದಿಂದ ಬಂದ ಕಬ್ಬಿನ ಹಾಲು ಪಾತ್ರೆಯಲ್ಲಿ ನಿಂತಷ್ಟೂ ಬಣ್ಣ ಕಂದುತ್ತೆ. ಅಲ್ಲಿ ಕೆಲಸ ಮಾಡೋದು ಇದೇ ಗುಂಪಿನ ಕಿಣ್ವ. ಗಿಡಕ್ಕೂ ಗಾಯ ಆದ ಜಾಗ ಮುಚ್ಚಬೇಕಲ್ಲ.

ಊಜಿ ವಿಷಯದಲ್ಲಿ ಮಾತ್ರ ಹುಳುವಿನ ಈ ಉಪಾಯ ಉಲ್ಟಾ ಹೊಡೆಯುತ್ತೆ. ತನ್ನ ಸುತ್ತ ಕಟ್ಟಿದ ಕರಿ ಗೋಡೆಯನ್ನೇ ನೊಣದ ಮರಿ ಕೊಳವೆಯ ಹಾಗೆ ಬಳಸಿಕೊಂಡು ಹೊರಗಿನ ಗಾಳಿ ಎಳೆದುಕೊಳ್ಳುತ್ತೆ. ಒಳಗೆ ಹುಳುವನ್ನು ತಿಂದು ಬೆಳೆಯುತ್ತೆ. ಕೊನೆ ಹಂತದಲ್ಲಿ ಬಿದ್ದ ಊಜಿಯಾದರೆ ಹುಳು ಗೂಡು ಕಟ್ಟಿದ ಮೇಲೆ ಮರಿ ಗೂಡನ್ನೇ ತೂತು ಮಾಡಿಕೊಂಡು ಹೊರಗೆ ಬರುತ್ತೆ. ತೂತಾದ ಗೂಡಿನಿಂದ ನೂಲು ಬಿಚ್ಚೋಕೆ ಬರಲ್ಲ. ರಾಮನಗರದ ಮಾರುಕಟ್ಟೆವರೆಗೆ ಹೊತ್ತು ಹೋದರೂ ಅದಕ್ಕೆ ಬೆಲೆ ಇಲ್ಲ. ಕರ್ನಾಟಕದಲ್ಲಿ ಈ ನೊಣ ಕಾಣಿಸಿಕೊಂಡದ್ದು 1980ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಇದಕ್ಕೆ ಗಟ್ಟಿ ಉತ್ತರ ಅಂದರೆ ಕಿಟಕಿ ಬಾಗಿಲಿಗೆ ನೈಲಾನ್ ಪರದೆ. ಒಳಗಿನ ಕಾವಲು ಸೋಲೋ ಕಡೆ ಹೊರಗಿನ ಕಾವಲೇ ಗತಿ.

ವೈರಿ ಯಾರು ಅಂತ ಗೊತ್ತಾಗೋದು ಹೆಂಗೆ?

ಲಸಿಕೆ ಇಲ್ಲ, ನೆನಪಿಲ್ಲ. ಹಾಗಿದ್ದರೂ ಇದು ತನ್ನದು, ಇದು ಹೊರಗಿನದು ಅಂತ ಹುಳುವಿನ ಮೈಗೆ ತಿಳಿಯೋದು ಹೇಗೆ? ಇದರ ಉತ್ತರದಲ್ಲಿ ರೇಷ್ಮೆ ಹುಳುವಿನ ಪಾಲು ದೊಡ್ಡದು.

ಬ್ಯಾಕ್ಟೀರಿಯಾದ ಹೊರಗೋಡೆ ಪ್ರಾಣಿಗಳ ಜೀವಕೋಶದಲ್ಲಿ ಇಲ್ಲದ ಒಂದು ಪದಾರ್ಥದಿಂದ ಆಗಿರುತ್ತೆ. ಬೂಷ್ಟಿನ ಗೋಡೆಯಲ್ಲಿ ಇನ್ನೊಂದು ಥರದ ಪದಾರ್ಥ. ಊರಿಗೆ ಹೊಸಬರು ಬಂದರೆ ಮುಖ ಪರಿಚಯ ಇಲ್ಲದಿದ್ದರೂ ಹಾಕಿರೋ ಬಟ್ಟೆ ನೋಡಿ ಗುರುತು ಹಿಡಿಯೋ ಹಾಗೆ, ಮೈ ಈ ಗೋಡೆಯ ಗುರುತು ಹಿಡಿಯುತ್ತೆ. ಬ್ಯಾಕ್ಟೀರಿಯಾ ಗೋಡೆಯನ್ನು ಗುರುತಿಸೋ ಒಂದು ಪ್ರೋಟೀನನ್ನು ಜಪಾನಿನ ವಿಜ್ಞಾನಿಗಳು 1996ರಲ್ಲಿ ಬೇರ್ಪಡಿಸಿದ್ದು ರೇಷ್ಮೆ ಹುಳುವಿನ ರಕ್ತದಿಂದಲೇ. ಅದೇ ಕುಟುಂಬದ ಪ್ರೋಟೀನು ಮನುಷ್ಯನ ಮೈಯಲ್ಲೂ ಇದೆ ಅಂತ ಆಮೇಲೆ ಗೊತ್ತಾಯಿತು.

ಗುರುತು ಸಿಕ್ಕ ಮೇಲೆ ಹುಳು ರೋಗಾಣು ಕೊಲ್ಲೋ ಸಣ್ಣ ಸಣ್ಣ ಪ್ರೋಟೀನು ತಯಾರಿಸಿ ರಕ್ತಕ್ಕೆ ಬಿಡುತ್ತೆ. ಇವು ಬ್ಯಾಕ್ಟೀರಿಯಾದ ಪೊರೆಗೆ ತೂತು ಹಾಕುತ್ತವೆ. ಇವನ್ನು ಮೊದಲು ಹೊರಗೆ ತೆಗೆದದ್ದು ಸ್ವೀಡನ್ನಿನ ಹಾನ್ಸ್ ಬೊಮನ್ ತಂಡ. ಅಮೆರಿಕದ ಸೆಕ್ರೋಪಿಯಾ ಅನ್ನೋ ದೊಡ್ಡ ರೇಷ್ಮೆ ಪತಂಗದ ಕೋಶಕ್ಕೆ ಬ್ಯಾಕ್ಟೀರಿಯಾ ಚುಚ್ಚಿ, ಅದರ ರಕ್ತದಲ್ಲಿ ಏನು ಹುಟ್ಟಿತು ಅಂತ ಅವರು ಹುಡುಕಿದರು. 1981ರಲ್ಲಿ ಪ್ರಕಟವಾದ ಆ ಪ್ರೋಟೀನಿಗೆ ಸೆಕ್ರೋಪಿನ್ ಅಂತ ಹೆಸರಾಯಿತು. ಸಾಕು ರೇಷ್ಮೆ ಹುಳುವಿನಲ್ಲಿ 1995ರಲ್ಲಿ ಸಿಕ್ಕ ಇಂಥದ್ದೇ ಇನ್ನೊಂದಕ್ಕೆ ಮೊರಿಸಿನ್ ಅಂತ ಹೆಸರಿಟ್ಟರು.

1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ತಂಡ ಹಣ್ಣಿನ ನೊಣದಲ್ಲಿ ಟೋಲ್ ಅನ್ನೋ ಜೀನ್ ಬೂಷ್ಟು ರೋಗದ ವಿರುದ್ಧ ಎಚ್ಚರಿಕೆ ಗಂಟೆ ಬಾರಿಸುತ್ತೆ ಅಂತ ತೋರಿಸಿತು. ಎರಡು ವರ್ಷ ಬಿಟ್ಟು ಅಮೆರಿಕದ ಬ್ರೂಸ್ ಬ್ಯೂಟ್ಲರ್ ಇಲಿಯಲ್ಲೂ ಅಂಥದ್ದೇ ಗಂಟೆ ಇದೆ ಅಂತ ತೋರಿಸಿದರು. 2011ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ಹುಳು, ನೊಣ, ಇಲಿ, ಮನುಷ್ಯ ಎಲ್ಲರಿಗೂ ಈ ಕಾವಲಿನ ಬೇರು ಒಂದೇ ಅಂತ ಖಾತ್ರಿ ಆದದ್ದು ಹೀಗೆ.

ಇಷ್ಟೆಲ್ಲ ಇದ್ದೂ ಬೆಳೆ ಹೋಗೋದು ಯಾಕೆ?

100 ಮೊಟ್ಟೆ ಚಾಕಿ ತಂದರೆ ಮನೆಯೊಳಗೆ ಸುಮಾರು 40ರಿಂದ 50 ಸಾವಿರ ಹುಳು. ಎಲ್ಲವೂ ಒತ್ತೊತ್ತಾಗಿ ಒಂದೇ ಸೊಪ್ಪಿನ ಮೇಲೆ. ಒಂದು ಹುಳು ಸೋತರೆ ಅದರಿಂದ ಹೊರಬರೋ ರೋಗಾಣು ಪಕ್ಕದ ಹತ್ತಕ್ಕೆ ಹಬ್ಬುತ್ತೆ. ಹುಟ್ಟಿನಿಂದ ಬಂದ ಕಾವಲಿಗೆ ಒಂದು ಅಳತೆ ಇದೆ. ಹತ್ತು ಕಳ್ಳರು ಬಂದರೆ ಹಿಡಿಯುತ್ತೆ, ಹತ್ತು ಸಾವಿರ ಒಟ್ಟಿಗೆ ನುಗ್ಗಿದರೆ ಕೈ ಸೋಲುತ್ತೆ. ನಾಲ್ಕು ಮುಖ್ಯ ರೋಗಗಳೂ ಬೇರೆ ಬೇರೆ ದಾರಿಯಲ್ಲಿ ಈ ಕಾವಲನ್ನು ದಾಟುತ್ತವೆ.

ಹಾಲು ತೊಂಡೆ: ಇದು ವೈರಸ್. ಹರಳಿನಂಥ ಗಟ್ಟಿ ಪೊಟ್ಟಣದೊಳಗೆ ಕೂತು ಸೊಪ್ಪಿನ ಜೊತೆ ಹೊಟ್ಟೆಗೆ ಹೋಗುತ್ತೆ. ಬೇರೆ ರೋಗಾಣು ಕೊಲ್ಲೋ ಆ ಕ್ಷಾರದ ರಸವೇ ಈ ಪೊಟ್ಟಣವನ್ನು ಕರಗಿಸಿ ವೈರಸ್ಸನ್ನು ಬಿಡುಗಡೆ ಮಾಡುತ್ತೆ. ಹುಳು ಊದಿಕೊಂಡು ತಟ್ಟೆ ಅಂಚಿನಲ್ಲಿ ಓಡಾಡುತ್ತೆ, ಚರ್ಮ ಒಡೆದು ಹಾಲಿನಂಥ ರಸ ಸುರಿಯುತ್ತೆ. ಆ ಒಂದು ಹನಿಯಲ್ಲಿ ಲೆಕ್ಕ ಇಲ್ಲದಷ್ಟು ಹರಳು.

ಸುಣ್ಣಕಟ್ಟು: ಇದು ಬೂಷ್ಟು. ಚರ್ಮದ ಮೇಲೆ ಕೂತು, ತೇವ ಸಿಕ್ಕರೆ ಮೊಳೆತು, ಚರ್ಮ ಕರಗಿಸೋ ಕಿಣ್ವ ಬಿಟ್ಟು ಒಳಗೆ ಇಳಿಯುತ್ತೆ. ಬಾಯಿಯ ದಾರಿಯೇ ಬೇಕಿಲ್ಲ. ಮಳೆಗಾಲ, ಚಳಿಗಾಲದಲ್ಲಿ ಇದರ ಕಾಟ ಹೆಚ್ಚು. ಸತ್ತ ಹುಳು ಸೀಮೆಸುಣ್ಣದ ಕಡ್ಡಿ ಥರ ಗಟ್ಟಿಯಾಗಿ ಬೆಳ್ಳಗಾಗುತ್ತೆ. ಸುಣ್ಣದ ಪುಡಿ ಹಾಕಿ ಹಾಸಿಗೆ ಒಣಗಿಸಿದರೆ ಬೀಜ ಮೊಳೆಯೋಕೆ ತೇವ ಸಿಗಲ್ಲ.

ಸಪ್ಪೆ ರೋಗ: ಬಿಸಿಲಿನ ಝಳ, ಬಾಡಿದ ಅಥವಾ ಬಿಸಿಯಾಗಿ ಕೊಳೆತ ಸೊಪ್ಪು, ಗಾಳಿ ಆಡದ ಮನೆ. ಇವು ಕರುಳಿನ ಕಾವಲನ್ನು ಸಡಿಲ ಮಾಡುತ್ತವೆ. ಎಂದಿನಿಂದಲೂ ಅಲ್ಲೇ ಇದ್ದ ಬ್ಯಾಕ್ಟೀರಿಯಾ ಆಗ ತಲೆ ಎತ್ತುತ್ತೆ.

ಗಂಟು ರೋಗ: ಇದು ಎಲ್ಲಕ್ಕಿಂತ ಕಳ್ಳ. ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಗೇ ಬಂದುಬಿಡುತ್ತೆ. ಮರಿ ಹುಟ್ಟೋಕೆ ಮುಂಚೆಯೇ ವೈರಿ ಮನೆಯೊಳಗೆ ಇರುವಾಗ ಗೋಡೆ, ಬಾಗಿಲು ಇದ್ದು ಏನು ಪ್ರಯೋಜನ? ಇಂಥ ಹುಳುವಿನ ಮೈ ತುಂಬ ಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕೆ. ಪೆಬ್ರಿನ್ ಅಂತ ಫ್ರೆಂಚರು ಇಟ್ಟ ಹೆಸರು ಬಂದದ್ದೂ ಕರಿಮೆಣಸು ಅನ್ನೋ ಮಾತಿನಿಂದ.

ಈ ಗಂಟು ರೋಗ 1850, 60ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆಯನ್ನೇ ನೆಲ ಕಚ್ಚಿಸಿತ್ತು. ಆಗ ಸರ್ಕಾರ ಕಳಿಸಿದ್ದು ಲೂಯಿ ಪಾಶ್ಚರ್ ಅವರನ್ನು. 1865ರಲ್ಲಿ ಹೋದ ಅವರು ಐದು ವರ್ಷ ಅದರ ಹಿಂದೆ ಬಿದ್ದರು. ಕೊನೆಗೆ ಕೊಟ್ಟ ಉಪಾಯ ಸರಳ: ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ರೋಗಾಣು ಕಂಡರೆ ಆ ಮೊಟ್ಟೆ ಸುಟ್ಟುಬಿಡಿ. ಇವತ್ತಿಗೂ ಬಿತ್ತನೆ ಕೋಠಿಗಳಲ್ಲಿ ನಡೆಯೋದು ಇದೇ ಪರೀಕ್ಷೆ. ಮೊಟ್ಟೆ ಹಾಳೆಗೆ ರೋಗರಹಿತ ಮೊಟ್ಟೆ ಅಂತ ಕರೆಯೋದು ಇದಕ್ಕೇ. ಹುಳುವಿಗೆ ಲಸಿಕೆ ಇಲ್ಲ, ಅದರ ಬದಲು ಇರೋದು ಈ ಪರೀಕ್ಷೆ. ನೋಂದಣಿ ಇಲ್ಲದ ಕಡೆ ಅಗ್ಗಕ್ಕೆ ಸಿಗುತ್ತೆ ಅಂತ ಮೊಟ್ಟೆ ತಂದರೆ ಕಳೆದುಕೊಳ್ಳೋದು ಇದನ್ನೇ.

ನಮ್ಮ ಮೈಯಲ್ಲೂ ಇದೇ ಪಡೆ

ಈಗ ಮನುಷ್ಯನ ಕಡೆಗೆ ಬರೋಣ. ಕಬ್ಬು ಕಡಿಯುವಾಗ ಮಚ್ಚು ಕೈಗೆ ತಾಗಿತು ಅಂದುಕೊಳ್ಳಿ. ಮಚ್ಚಿನ ಮೇಲಿದ್ದ ಮಣ್ಣು, ಬ್ಯಾಕ್ಟೀರಿಯಾ ಒಳಗೆ ಹೋಯಿತು. ಕೆಲವೇ ನಿಮಿಷದಲ್ಲಿ ರಕ್ತ ಹೆಪ್ಪುಗಟ್ಟಿ ಬಾಗಿಲು ಮುಚ್ಚುತ್ತೆ. ಗಾಯದ ಸುತ್ತಲಿನ ಕಾವಲು ಕೋಶಗಳು ಹಿಸ್ಟಮಿನ್ ಮುಂತಾದ ಸಂದೇಶ ಬಿಡುತ್ತವೆ. ಸುತ್ತಲಿನ ರಕ್ತನಾಳ ಅಗಲವಾಗುತ್ತೆ, ರಕ್ತ ಹೆಚ್ಚು ಹರಿಯುತ್ತೆ. ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತೆ. ಊತ ಅಂದರೆ ರೋಗವೇ ಬಂತು ಅಂತಲ್ಲ, ಪಡೆ ಬಂದು ಇಳಿದಿದೆ ಅಂತ.

ಕೆಲವು ಗಂಟೆಯಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ಸಾಲುಸಾಲಾಗಿ ಬರುತ್ತವೆ. ದೊಡ್ಡವರ ಮೈಯಲ್ಲಿ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ಹುಟ್ಟುತ್ತವೆ. ಬ್ಯಾಕ್ಟೀರಿಯಾ ನುಂಗಿ ತಾವೂ ಸಾಯುತ್ತವೆ. ಗಾಯದಲ್ಲಿ ಕಾಣೋ ಕೀವು ಬಹುಪಾಲು ಹೀಗೆ ಸತ್ತ ಕಣಗಳೇ. ಹಿಂದೆಯೇ ಮ್ಯಾಕ್ರೋಫೇಜ್ ಅನ್ನೋ ದೊಡ್ಡ ಕಣಗಳು ಬಂದು ಉಳಿದದ್ದನ್ನು ಗುಡಿಸಿ ಹಾಕುತ್ತವೆ. ರಕ್ತದಲ್ಲಿರೋ ಕಾಂಪ್ಲಿಮೆಂಟ್ ಅನ್ನೋ ಪ್ರೋಟೀನುಗಳು ಬ್ಯಾಕ್ಟೀರಿಯಾಗೆ ತೂತು ಹಾಕುತ್ತವೆ.

ಕಣಗಳು ವೈರಿಯನ್ನು ಮುತ್ತಿ ನುಂಗೋ ವಿಷಯ ಗೊತ್ತಾದದ್ದೂ ಒಂದು ಮುಳ್ಳಿನಿಂದ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ಅನ್ನೋ ರಷ್ಯಾದ ವಿಜ್ಞಾನಿ ಗಾಜಿನಂತೆ ಪಾರದರ್ಶಕವಾದ ನಕ್ಷತ್ರ ಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮಾರನೇ ದಿನ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಬಂತು. ಜಾಲಿ ಮುಳ್ಳು ಮುರಿದು ಕಾಲಲ್ಲೇ ಉಳಿದಾಗ ಸುತ್ತ ಕೀವಾಗೋದು ಇದೇ ಕೆಲಸದಿಂದ.

ಗಾಯ ಇಲ್ಲದಾಗಲೂ ಕಾವಲು ನಡೆಯುತ್ತಲೇ ಇರುತ್ತೆ. ಕಣ್ಣೀರು, ಸಿಂಬಳದಲ್ಲಿ ಬ್ಯಾಕ್ಟೀರಿಯಾದ ಗೋಡೆ ಒಡೆಯೋ ಲೈಸೋಜೈಮ್ ಇದೆ ಅಂತ 1922ರಲ್ಲಿ ಕಂಡುಹಿಡಿದವರು ಅಲೆಕ್ಸಾಂಡರ್ ಫ್ಲೆಮಿಂಗ್. ರೇಷ್ಮೆ ಹುಳುವಿನ ರಕ್ತದಲ್ಲೂ ಲೈಸೋಜೈಮ್ ಇದೆ. ಶ್ವಾಸನಾಳದ ಒಳಗಿನ ಸಣ್ಣ ಕೂದಲುಗಳು ಧೂಳು, ರೋಗಾಣು ಅಂಟಿದ ಕಫವನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಬೀಡಿ, ಸಿಗರೇಟಿನ ಹೊಗೆ ಈ ಕೂದಲುಗಳನ್ನು ಮಂಕಾಗಿಸುತ್ತೆ.

ಹುಳುವಿನ ಜ್ವರ ಬೇರೆ, ಮನುಷ್ಯನ ಜ್ವರ ಬೇರೆ

ಹುಳುವಿಗೆ ಜ್ವರ ಅಂದರೆ ಪೊರೆ ಬಿಡೋಕೆ ತಲೆ ಎತ್ತಿ ಸುಮ್ಮನೆ ಕೂರೋದು. ಅದರ ಮೈ ಬಿಸಿ ಏರಲ್ಲ. ಮನೆ ಎಷ್ಟು ಬಿಸಿಯೋ ಹುಳುವೂ ಹೆಚ್ಚುಕಡಿಮೆ ಅಷ್ಟೇ ಬಿಸಿ.

ಮನುಷ್ಯನ ಜ್ವರ ಹುಟ್ಟಿನಿಂದ ಬಂದ ಕಾವಲಿನ ಒಂದು ಆಯುಧ. ರೋಗಾಣು ಕಂಡ ಬಿಳಿ ರಕ್ತಕಣಗಳು ಮೆದುಳಿಗೆ ಸಂದೇಶ ಕಳಿಸುತ್ತವೆ. ಮೆದುಳು ಮೈಯ ಬಿಸಿಯನ್ನು ಒಂದೆರಡು ಡಿಗ್ರಿ ಏರಿಸುತ್ತೆ. ಬಿಸಿಯಲ್ಲಿ ಹಲವು ರೋಗಾಣುಗಳು ಬೆಳೆಯೋದು ನಿಧಾನ, ಬಿಳಿ ರಕ್ತಕಣಗಳ ಓಡಾಟ ಜೋರು. ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಅನ್ನೋ ಪದಾರ್ಥ ಬಿಟ್ಟು ಅಕ್ಕಪಕ್ಕದ ಕೋಶಗಳನ್ನೂ ಎಚ್ಚರಿಸುತ್ತೆ. ಇದನ್ನು ಕಂಡುಹಿಡಿದದ್ದು 1957ರಲ್ಲಿ. ಫ್ಲೂ ಬಂದಾಗ ಮೈಕೈ ನೋವು, ಸುಸ್ತು ಕಾಡೋದಕ್ಕೆ ಇಂಥ ಸಂದೇಶಗಳೂ ಕಾರಣ.

ಅದಕ್ಕೇ ಸಾಧಾರಣ ನೆಗಡಿ ಜ್ವರಕ್ಕೆ ಮೊದಲ ದಿನವೇ ಆಂಟಿಬಯಾಟಿಕ್ ಇಂಜೆಕ್ಷನ್ ಹಾಕಿ ಅಂತ ಡಾಕ್ಟರ ಹತ್ತಿರ ಹಟ ಮಾಡೋದು ತಪ್ಪು. ವೈರಸ್ ಮೇಲೆ ಅದು ಕೆಲಸ ಮಾಡಲ್ಲ. ಹಾಗಂತ ಎಲ್ಲ ಜ್ವರವನ್ನೂ ಮೈ ನೋಡಿಕೊಳ್ಳುತ್ತೆ ಅಂತ ಕೂರೋದೂ ತಪ್ಪು. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ, ಮೂರು ದಿನಕ್ಕೂ ಜ್ವರ ಇಳಿಯದಿದ್ದರೆ, ಉಸಿರಾಟ ಕಷ್ಟವಾದರೆ, ಫಿಟ್ಸ್ ಬಂದರೆ, ಒಸಡಿನಲ್ಲಿ ರಕ್ತ ಬಂದರೆ, ಹೊಟ್ಟೆ ವಿಪರೀತ ನೋವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಡೆಂಗಿ ಅನುಮಾನ ಇದ್ದರೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತೆಗೆದುಕೊಳ್ಳಬಾರದು, ರಕ್ತಸ್ರಾವ ಹೆಚ್ಚಾಗುವ ಅಪಾಯ ಇದೆ.

ಲ್ಯಾಬಿನ ರಕ್ತ ಪರೀಕ್ಷೆ ಚೀಟಿಯಲ್ಲೂ ಈ ಪಡೆಯ ಲೆಕ್ಕ ಇರುತ್ತೆ. ದೊಡ್ಡವರಲ್ಲಿ ಬಿಳಿ ರಕ್ತಕಣ ಸಾಮಾನ್ಯವಾಗಿ 4,000ದಿಂದ 11,000 ಇರಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್. ಬ್ಯಾಕ್ಟೀರಿಯಾ ಸೋಂಕಾದರೆ ಇದು ಸಾಮಾನ್ಯವಾಗಿ ಏರುತ್ತೆ, ಡೆಂಗಿಯಂಥ ವೈರಸ್ ಜ್ವರದಲ್ಲಿ ಒಟ್ಟು ಬಿಳಿ ಕಣ ಇಳಿಯೋದು ಉಂಟು. ಒಂದು ಅಂಕಿ ನೋಡಿ ಗಾಬರಿ ಬೀಳದೆ ಡಾಕ್ಟರಿಗೆ ತೋರಿಸಿ ಕೇಳೋದು ಒಳ್ಳೇದು.

ಪುಡಿ ತಿಂದರೆ ಶಕ್ತಿ ಬರುತ್ತಾ?

ಕೊರೊನಾ ಬಂದು ಹೋದ ಮೇಲೆ ಇಮ್ಯುನಿಟಿ ಹೆಸರಿನ ಪುಡಿ, ಟಾನಿಕ್, ಕಷಾಯದ ಪೊಟ್ಟಣ ಅಂಗಡಿ ಅಂಗಡಿಯಲ್ಲೂ ನೇತಾಡುತ್ತಿವೆ. ನಾಲ್ಕು ದಿನ ಕುಡಿದರೆ ಕಾವಲು ದುಪ್ಪಟ್ಟಾಗುತ್ತೆ ಅನ್ನೋ ಪುಡಿ ಯಾವುದೂ ಇಲ್ಲ. ಶುಂಠಿ ಕಷಾಯ ಗಂಟಲಿಗೆ ಹಿತ, ಕುಡಿಯಬಹುದು. ಅದು ಲಸಿಕೆಗೂ ಔಷಧಿಗೂ ಬದಲಿ ಅಲ್ಲ.

ಕಾವಲನ್ನು ಕುಂದಿಸೋದು ಏನು ಅನ್ನೋದು ಮಾತ್ರ ಚೆನ್ನಾಗಿ ಗೊತ್ತು. ಹೊಟ್ಟೆಗೆ ಸರಿಯಾಗಿ ಇಲ್ಲದಿರೋದು, ನಿದ್ದೆಗೆಡೋದು, ಬೀಡಿ ಮತ್ತು ಕುಡಿತ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದ್ದರೆ ನ್ಯೂಟ್ರೋಫಿಲ್ ಚುರುಕು ಕಳೆದುಕೊಳ್ಳುತ್ತೆ, ಕಾಲಿನ ತುದಿಗೆ ರಕ್ತ ಹರಿಯೋದೂ ಕಡಿಮೆ, ಗಾಯ ಆದದ್ದೂ ಗೊತ್ತಾಗಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಸಣ್ಣ ಗಾಯ ಬೆರಳು ತೆಗೆಯೋವರೆಗೆ ಹೋಗೋದು ಹೀಗೆ. ಗದ್ದೆಗೆ ಇಳಿದು ಬಂದವರು ರಾತ್ರಿ ಮಲಗೋ ಮುಂಚೆ ಎರಡು ಪಾದ ನೋಡಿಕೊಳ್ಳೋಕೆ ಖರ್ಚೇನಿಲ್ಲ.

ಇನ್ನೊಂದು ಮಾತು. ಧನುರ್ವಾಯು ಮಾಡೋ ಬ್ಯಾಕ್ಟೀರಿಯಾದ ವಿಷ ಎಷ್ಟು ಕಡಿಮೆ ಇದ್ದರೂ ಸಾಕು, ಹುಟ್ಟಿನಿಂದ ಬಂದ ಕಾವಲು ಅದನ್ನು ತಡೆಯಲಾರದು. ಅಲ್ಲಿ ಬೇಕಾದ್ದು ಕಲಿತ ಕಾವಲು, ಅಂದರೆ ಲಸಿಕೆ. ಮಚ್ಚು, ಮೊಳೆ ತಾಗಿದಾಗ ಸೋಪು ನೀರಲ್ಲಿ ಚೆನ್ನಾಗಿ ತೊಳೆದು, ಇಂಜೆಕ್ಷನ್ ಬೇಕಾ ಅಂತ ಆರೋಗ್ಯ ಕೇಂದ್ರದಲ್ಲಿ ಕೇಳೋದು ಇದಕ್ಕೇ. ಹುಳುವಿಗೆ ಇಲ್ಲದ ಅವಕಾಶ ಇದು.

ಹುಳು ಮನೆಯಲ್ಲಿ ನೆನಪಿಡಬೇಕಾದ್ದು

ಹುಳುವಿನ ಕಾವಲನ್ನು ದೊಡ್ಡದು ಮಾಡೋಕೆ ಬೆಳೆಗಾರರ ಕೈಯಲ್ಲಿ ಆಗಲ್ಲ. ವೈರಿಯ ಸಂಖ್ಯೆ ಕಡಿಮೆ ಮಾಡೋಕೆ ಆಗುತ್ತೆ. ಹುಳು ಮನೆಯ ಎಲ್ಲ ಶುಚಿ ಕೆಲಸದ ಗುಟ್ಟು ಇದೇ.

• ಒಂದು ಬೆಳೆ ಮುಗಿದ ಮೇಲೆ ಮನೆ, ತಟ್ಟೆ, ಸ್ಟ್ಯಾಂಡು, ಚಂದ್ರಿಕೆ ತೊಳೆದು ಸೋಂಕು ನಿವಾರಣೆ ಮಾಡಬೇಕು. ಸಾಮಾನ್ಯವಾಗಿ ಹೇಳೋ ಅಳತೆ: 100 ಲೀಟರ್ ನೀರಿಗೆ 2 ಕೆಜಿ ಬ್ಲೀಚಿಂಗ್ ಪೌಡರ್, 300 ಗ್ರಾಂ ಅರಳಿದ ಸುಣ್ಣ.

• ಬ್ಲೀಚಿಂಗ್ ಪೌಡರ್ ಗಾಳಿಗೆ ತೆರೆದಿದ್ದರೆ ಅದರ ಕ್ಲೋರಿನ್ ಹಾರಿಹೋಗುತ್ತೆ. ಅಂಗಡಿಯವರು ಮೂಟೆ ಬಾಯಿ ತೆರೆದಿಟ್ಟು ಮಾರಿದರೆ ರೈತರು ಒಯ್ಯೋದು ಬರೀ ಬಿಳಿ ಪುಡಿ. ಕೊಳ್ಳುವವರು ಮುಚ್ಚಿದ ಪ್ಯಾಕೆಟ್ ಕೇಳಿ ಕೊಳ್ಳಬೇಕು.

• ಚಾಕಿ ಹುಳುವಿಗೆ 27-28 ಡಿಗ್ರಿ, ದೊಡ್ಡ ಹುಳುವಿಗೆ 24-25 ಡಿಗ್ರಿ ಬಿಸಿ ಹಿತ. ದೊಡ್ಡ ಹುಳುವಿಗೆ ತೇವ ಕಡಿಮೆ, ಗಾಳಿ ಹೆಚ್ಚು ಇರಬೇಕು. ಬಿಸಿಲು ಏರಿದಾಗ ಮೊದಲು ಸೋಲೋದು ಬಿಳಿ ಗೂಡಿನ ದ್ವಿತಳಿ. ಹಳೇ ಮೈಸೂರು ತಳಿ ತಡೆದುಕೊಳ್ಳೋದು ಹೆಚ್ಚು, ಆದರೆ ನೂಲು ಕಡಿಮೆ.

• ರೋಗದ ಹುಳು ಕಂಡರೆ ಕೈಯಲ್ಲಿ ಹಿಸುಕಬಾರದು, ಕೋಳಿಗೆ ಹಾಕಬಾರದು, ತಿಪ್ಪೆಗೆ ಎಸೆಯಬಾರದು. ಕಡ್ಡಿಯಲ್ಲಿ ಎತ್ತಿ ಬ್ಲೀಚಿಂಗ್ ಅಥವಾ ಸುಣ್ಣದ ನೀರಿನ ಬೋಗುಣಿಗೆ ಹಾಕಿ, ಆಮೇಲೆ ಹೂಳಬೇಕು ಅಥವಾ ಸುಡಬೇಕು.

• ಹುಳು ಮನೆಗೆ ಹೋಗೋ ಮುಂಚೆ ಕೈ ಕಾಲು ತೊಳೆದು, ಅಲ್ಲಿಗೇ ಅಂತ ಇಟ್ಟ ಚಪ್ಪಲಿ ಹಾಕಬೇಕು. ಬೇರೆಯವರ ಹುಳು ನೋಡಿಕೊಂಡು ನೇರ ತಮ್ಮ ಮನೆಗೆ ಬರಬಾರದು.

• ಒಂದೇ ಸಲಕ್ಕೆ ಹಲವು ಹುಳು ಸಾಯೋಕೆ ಶುರುವಾದರೆ ಪಕ್ಕದವರು ಹೇಳಿದ ಪುಡಿ ಹಾಕೋ ಬದಲು, ಸತ್ತ ಹುಳುವನ್ನು ಡಬ್ಬಿಯಲ್ಲಿ ಮುಚ್ಚಿಕೊಂಡು ಹತ್ತಿರದ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರಕ್ಕೆ ಒಯ್ಯಬೇಕು. ಗಂಟು ರೋಗವೋ ಅಲ್ಲವೋ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಖಾತ್ರಿ.

ಊಜಿ ಚುಕ್ಕೆ ಒಂದೆರಡು ಹುಳುವಿನಲ್ಲಿ ಮಾತ್ರ ಕಂಡರೆ ಅವನ್ನು ಅವತ್ತೇ ಆರಿಸಿ ತೆಗೆದು, ಅವತ್ತೇ ಪರದೆ ಎಲ್ಲಿ ಹರಿದಿದೆ ಅಂತ ಹುಡುಕಿ ಹೊಲಿಯಬೇಕು. ಮೈ ಕಪ್ಪಾದ ಆ ಹುಳು ತನ್ನ ಕೈಲಾದದ್ದನ್ನು ಮಾಡಿ ಆಗಿದೆ. ಉಳಿದ 40 ಸಾವಿರ ಹುಳುವಿನ ಕೆಲಸ ಹುಳು ಸಾಕಿದವರ ಕೈಯಲ್ಲಿದೆ.